ನಿಮ್ಮ ನೆರಳು ಬೀಳ್ತಾ ಇದೆ, ಸಾರ್

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮಮ್ಮ ಕಲಿಸಿದ್ದಳು. ಹೇಳದೆ ಬರೆದರೆ ಯಾರ ಕಥೆ ಎಂದು ನಿಮಗೆ ತಿಳಿಯುವುದಿಲ್ಲ. ಮುನಿರಾಮಪ್ಪ. ಒಂದು ಸಲ ಬರೆದೆ, ಸಾಕು. ಇನ್ನು ಮೇಲೆ ಇವರು ಎಂದೇ ಬರೆಯುತ್ತೇನೆ. ಇವರು ಎಂದರೆ ನನ್ನ ಗಂಡ ಒಬ್ಬರೇ.

ಇವರದು ಗಾಲ್ಫ್ ಮೈದಾನದ ಕೆಲಸ. ಮಲ್ಲೇಶ್ವರದ ಆಚೆ, ರೈಲು ಹಳಿ ದಾಟಿದ ಮೇಲೆ, ಒಂದು ಹಳೇ ಬಟ್ಟೆ ಮಿಲ್ಲು ಇತ್ತು. ಮಿಲ್ಲಿನ ಬಿಳಿ ದೊರೆಗಳು ಅದರ ಹಿಂದೆ ಹುಲ್ಲು ಬೆಳೆಸಿ ತಮ್ಮ ಆಟಕ್ಕೆ ಮೈದಾನ ಮಾಡಿಕೊಂಡಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ದೊರೆಗಳೆಲ್ಲ ಹೋಗಿ ಒಬ್ಬ ಮುದುಕ ಮ್ಯಾನೇಜರ್ ಉಳಿದಿದ್ದ. ಆಟಕ್ಕೆ ಬರುತ್ತಿದ್ದವರು ನಮ್ಮೂರಿನವರೇ. ವಕೀಲರು, ಡಾಕ್ಟರು, ಇಂಜಿನಿಯರು. ವಾರವೆಲ್ಲ ಕೆಲಸ, ಭಾನುವಾರ ಬೆಳಿಗ್ಗೆ ಆಟ. ಅವರ ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವವನನ್ನು ಕ್ಯಾಡಿ ಎನ್ನುತ್ತಾರೆ. ಇವರು ಕ್ಯಾಡಿ.

ನಾನು ಆಟ ನೋಡಿದ್ದು ಬೇಲಿಯ ಈಚೆಯಿಂದ. ಒಂದು ಚಿಕ್ಕ ಬಿಳಿ ಚೆಂಡು. ಅದನ್ನು ಕೋಲಿನಿಂದ ಹೊಡೆದು ಹೊಡೆದು ದೂರದ ಗುಂಡಿಗೆ ಬೀಳಿಸಬೇಕು. ಅಷ್ಟೇ.

"ಇದಕ್ಕೆ ಇಷ್ಟು ದೊಡ್ಡ ದೊಡ್ಡೋರು ಯಾಕ್ರೀ ಬೇಕು?" ಎಂದೆ.

"ಹೊಡೆಯೋದು ಯಾರಾದ್ರೂ ಹೊಡೀತಾರೆ ಕಣೇ," ಎಂದರು. "ಬೇರೆಯವರು ಹೊಡೀವಾಗ ಸುಮ್ನೆ ನಿಂತ್ಕೊಳೋದಿದೆಯಲ್ಲ, ಅದು ಕಷ್ಟ."

ಭಾನುವಾರದ ಹೊಸಬರಿಗೆ ಅದೇ ಬರುತ್ತಿರಲಿಲ್ಲ. ಒಬ್ಬರು ಕೋಲು ಎತ್ತಿದ ಹೊತ್ತಿಗೆ ಇನ್ನೊಬ್ಬರು ಸೀನುವುದು, ಮಗನ ಕಾಲೇಜು ಸೀಟಿನ ಮಾತು ತೆಗೆಯುವುದು. ಇವರು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಡುತ್ತಿದ್ದರು. ಗುಂಡಿಯಿಂದ ಯಾರ ಚೆಂಡು ದೂರ ಇದೆಯೋ ಅವರು ಮೊದಲು ಹೊಡೆಯಬೇಕು. ಕೋಲಿಗೆ ಸಿಕ್ಕಿ ಹುಲ್ಲಿನ ಹೆಂಟೆ ಕಿತ್ತು ಹಾರಿದರೆ ಅದನ್ನು ಎತ್ತಿ ತಂದು ಅದೇ ಜಾಗದಲ್ಲಿ ಕೂರಿಸಿ ತುಳಿದು ಒತ್ತಬೇಕು. ಮರಳು ತುಂಬಿದ ಹಳ್ಳಕ್ಕೆ ಚೆಂಡು ಬಿದ್ದು ಅಲ್ಲಿಗೆ ಇಳಿದರೆ, ಹೊರಗೆ ಬರುವಾಗ ತಮ್ಮ ಹೆಜ್ಜೆಯನ್ನು ತಾವೇ ಹಲ್ಲಿನ ಕೋಲಿನಿಂದ ಎಳೆದು ಅಳಿಸಬೇಕು. ಹಿಂದೆ ಬರುವವರಿಗೆ ಮರಳು ನುಣ್ಣಗೆ ಸಿಗಬೇಕು. ಚೆಂಡು ಜನರ ಕಡೆ ಹಾರಿದರೆ ಗಂಟಲು ಹರಿಯುವ ಹಾಗೆ "ಫೋರ್" ಎಂದು ಕೂಗಬೇಕು. ಕೂಗು ಕೇಳಿದವರು ಏನು ಬಂತು ಎಂದು ತಲೆ ಎತ್ತಿ ನೋಡಬಾರದು. ತಲೆ ಮುಚ್ಚಿಕೊಂಡು ಬಗ್ಗಬೇಕು.

ಇದನ್ನೆಲ್ಲ ಇವರು ಮನೆಗೂ ತಂದರು. ನಮ್ಮದು ಹಳಿಯ ಪಕ್ಕದ ವಠಾರದಲ್ಲಿ ಒಂದೇ ಕೋಣೆ. ಮಕ್ಕಳಾಗಲಿಲ್ಲ. ನಾನು ಮನೆಯಲ್ಲಿ ಊದುಬತ್ತಿ ಹೊಸೆದು ಚಾಮರಾಜಪೇಟೆಯ ಅಂಗಡಿಗೆ ಕೊಟ್ಟು ಬರುತ್ತಿದ್ದೆ. ನಾನು ಹೊಸೆಯಲು ಕೂತರೆ ಇವರು ಮಾತಾಡುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂರುವಾಗ ಕೇಳುವರು, "ಇವತ್ತು ದೂರ ಹೋಗಿದ್ದು ಯಾರು?" ನಾನು ಚಾಮರಾಜಪೇಟೆಗೆ ನಡೆದು ಬಂದಿದ್ದರೆ ತಟ್ಟೆ ಮೊದಲು ನನಗೆ. ಮುದ್ದೆ ಮುರಿದು ಸಾರು ಹುಯ್ಯುವುದೂ ಇವರೇ. ಪಕ್ಕದ ಮನೆ ಪಾರ್ವತಮ್ಮ ಬಾಗಿಲಲ್ಲಿ ನಿಂತು ನೋಡಿ, "ನೋಡ್ರಮ್ಮ ಇಲ್ಲಿ, ರತ್ನಿಗೆ ದಿನಾ ಮದುವೆ ಊಟ," ಎನ್ನುವಳು.

ಮುಖ ತೊಳೆದ ನೀರನ್ನು ಬಾಗಿಲಿಂದ ಬೀದಿಗೆ ಎರಚುವಾಗಲೂ ಇವರು "ಫೋರ್!" ಎಂದು ಕೂಗುತ್ತಿದ್ದರು. ಪಾರ್ವತಮ್ಮನಿಗೆ ಅದು ಪೋರ ಎಂದು ಕೇಳಿಸುತ್ತಿತ್ತು.

"ಬೆಳಿಗ್ಗೆ ಎದ್ದ ತಕ್ಷಣ ಯಾವ ಪೋರನ್ನ ಕರೀತೀಯಪ್ಪ ನೀನು? ಇಲ್ಲದಿರೋ ಪೋರನ್ನ?"

ಆ ಮಾತು ನನಗೆ ಚುಚ್ಚುತ್ತಿತ್ತು. ಇವರು ನಗುತ್ತಿದ್ದರು. "ಬಗ್ಗು ಪಾರ್ವತಕ್ಕ, ಮೇಲೆ ನೋಡ್ಬೇಡ," ಎನ್ನುತ್ತಿದ್ದರು.

ಮೈದಾನದ ಎಲ್ಲ ನಿಯಮಗಳಲ್ಲಿ ಇವರಿಗೆ ಒಂದೆಂದರೆ ಪ್ರಾಣ. ಅದನ್ನು ಹೇಳಬೇಕಾದರೆ ನಮ್ಮ ಮಾವನ ವಿಷಯ ಹೇಳಬೇಕು.

ನಮ್ಮ ಮಾವ ಮಾಗಡಿ ಕಡೆಯವರು, ಊರ ಹೊರಗಿನ ಕೇರಿಯವರು. ಊರೊಳಗೆ ಮೇಲಿನವರ ಒಂದು ಬೀದಿ ಇತ್ತು. ಸೌದೆ ಹಾಕಲು ಆ ಬೀದಿಗೆ ಹೋಗಬೇಕಾದರೆ ಮಾವ ನೆತ್ತಿಯ ಮೇಲೆ ಸೂರ್ಯ ಬರುವವರೆಗೆ ಊರಬಾಗಿಲಲ್ಲಿ ಕಾಯುತ್ತಿದ್ದರಂತೆ. ಆಗ ನೆರಳು ಕಾಲ ಕೆಳಗೇ ಇರುತ್ತದೆ. ಬೆಳಿಗ್ಗೆ ಸಂಜೆ ನೆರಳು ಉದ್ದ. ಜಗುಲಿಯ ಮೇಲೆ ಬಿದ್ದರೆ ಅವರು ಜಗುಲಿ ತೊಳೆಯಬೇಕು, ಮತ್ತೆ ಸ್ನಾನ ಮಾಡಬೇಕು. ಬೈಗುಳ ಬೇರೆ. ಮಾವ ಮಗನಿಗೆ ಹೇಳಿಕೊಟ್ಟ ಮೊದಲ ಪಾಠ ಇದು. ನಡೆಯುವಾಗ ಸೂರ್ಯ ಎಲ್ಲಿದ್ದಾನೆ ನೋಡಿಕೋ.

ಇವರು ಕ್ಯಾಡಿ ಕೆಲಸಕ್ಕೆ ಸೇರಿದ ದಿನ ಅಂಜನಪ್ಪ ಎಂಬ ಹಿರಿಯ ಕ್ಯಾಡಿ ಎಲ್ಲ ಹೇಳಿಕೊಟ್ಟನಂತೆ. ಗುಂಡಿಯ ಸುತ್ತ ಹುಲ್ಲನ್ನು ಹಾಸಿದ ಜಮಖಾನದ ಹಾಗೆ ಕತ್ತರಿಸಿರುತ್ತಾರೆ. ಅದಕ್ಕೆ ಗ್ರೀನು ಎನ್ನುತ್ತಾರೆ. ಅಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ ಗುಂಡಿಗೆ ಉರುಳಿಸಬೇಕು. ಅಂಜನಪ್ಪ ಹೇಳಿದನಂತೆ, "ಇಲ್ಲಿ ಮಾತ್ರ ಹುಷಾರು. ಚೆಂಡು ಉರುಳೋ ದಾರಿ ಮೇಲೆ ನಿನ್ನ ನೆರಳು ಬೀಳಬಾರದು."

ಇವರು ಚೀಲ ಕೆಳಗಿಟ್ಟರಂತೆ. "ಇಲ್ಲೂ ಅದೇನಾ ಅಂಜನಪ್ಪಣ್ಣ? ನಾನು ಬರಲ್ಲ ಈ ಕೆಲಸಕ್ಕೆ."

"ಥೂ, ಮುಂಡೇದೆ, ನೋಡು ಅಲ್ಲಿ," ಎಂದನಂತೆ ಅಂಜನಪ್ಪ.

ಅಲ್ಲಿ ಮಿಲ್ಲಿನ ಬಿಳಿ ಮ್ಯಾನೇಜರ್ ನಿಂತಿದ್ದ. ಯಾರೋ ಗುಮಾಸ್ತೆ ಚೆಂಡು ತಳ್ಳಲು ಬಗ್ಗಿದ್ದ. ಮ್ಯಾನೇಜರ್ ತನ್ನ ನೆರಳು ನೋಡಿಕೊಂಡ, "ಸಾರಿ" ಎಂದ, ನಾಲ್ಕು ಹೆಜ್ಜೆ ಹಿಂದೆ ಹೋದ.

ಆ ಸಂಜೆ ಇವರು ಕುಣಿದುಕೊಂಡು ಬಂದರು. "ರತ್ನಾ, ಅಲ್ಲಿ ಯಾರ ನೆರಳೂ ಬೀಳಬಾರದು ಕಣೇ! ದೊರೇದೂ ಬೀಳಬಾರದು, ವಕೀಲರದೂ ಬೀಳಬಾರದು, ನಂದೂ ಬೀಳಬಾರದು. ಎಲ್ಲರದೂ ಮೈಲಿಗೆ!" ಚಿಮಣಿ ಬುಡ್ಡಿಯ ಮುಂದೆ ನಿಂತು ಗೋಡೆಯ ಮೇಲೆ ತಮ್ಮ ನೆರಳನ್ನು ತೋರಿಸಿ ನಕ್ಕರು. ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಿಲ್ಲ. ಅಪ್ಪ ಬದುಕಿದ್ದರೆ ಕರೆತಂದು ತೋರಿಸುತ್ತಿದ್ದೆ ಎಂದರು.

ಕ್ಯಾಡಿಗಳಲ್ಲಿ ಅದೊಂದು ತಮಾಷೆಯೇ ಆಯಿತು. ಬಹಳ ಜನ ನಮ್ಮವರೇ ಅಲ್ಲಿ. ಬೀಡಿ ಸೇದಲು ಕೂತಾಗ ಚಲುವರಾಜು ಎಂಬ ಕ್ಯಾಡಿ, "ಲೋ ದೂರ ಹೋಗೋ, ನಿನ್ನ ನೆರಳು ಬಿತ್ತು, ಸ್ನಾನ ಮಾಡ್ಬೇಕು ನಾನು," ಎನ್ನುವನಂತೆ. ಎಲ್ಲರೂ ನಗುವರಂತೆ. ಆ ನಗು ಮುಂದೆ ಏನು ಮಾಡಿತು ಎಂದು ಹೇಳುತ್ತೇನೆ.

ಇವರು ಚೀಲ ಹೊರುತ್ತಿದ್ದುದು ಗಂಗಾಧರಯ್ಯ ಎಂಬುವರಿಗೆ. ಮಲ್ಲೇಶ್ವರದಲ್ಲಿ ಮನೆ, ದೊಡ್ಡ ವಕೀಲರು. ಒಳ್ಳೆಯವರು ಎಂದು ಇವರು ಹೇಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಕೋಲು ಎತ್ತಿದ ಹೊತ್ತಿನಲ್ಲಿ ಮಾತಾಡುವ ಹಾಗಿಲ್ಲವಲ್ಲ, ಅದಕ್ಕೆ ಇಬ್ಬರ ನಡುವೆ ಸನ್ನೆಗಳು ಬೆಳೆದಿದ್ದವು. ಹುಬ್ಬು ಹಾರಿಸಿದರೆ ಬೇರೆ ಕೋಲು ಕೊಡು. ತುಟಿ ಕಚ್ಚಿದರೆ ಚೆಂಡು ಎಲ್ಲಿ ಹೋಯಿತು ನೋಡು. ಗದ್ದ ಎತ್ತಿದರೆ ಯಾರೋ ಅಡ್ಡ ಇದ್ದಾರೆ, ಸರಿಸು. ಮನೆಯಲ್ಲಿ ಇವರು ನನಗೂ ಗದ್ದ ಎತ್ತಿ ತೋರಿಸುತ್ತಿದ್ದರು, ನಾನು ಬುಡ್ಡಿಗೆ ಅಡ್ಡ ನಿಂತರೆ. "ಬಾಯಿ ಸತ್ತುಹೋಯ್ತಾ?" ಎಂದು ನಾನು ಬೈಯುತ್ತಿದ್ದೆ.

ಎಪ್ಪತ್ತೆಂಟನೇ ಇಸವಿಯ ಧನುರ್ಮಾಸ. ಗಂಗಾಧರಯ್ಯನವರ ಮಗಳಿಗೆ ಬಸವನಗುಡಿಯ ಗಂಡು ಗೊತ್ತಾಗಿತ್ತು. ಮಾಘದಲ್ಲಿ ಮದುವೆ. ಗಂಡಿನ ತಂದೆ ನರಸಿಂಹಯ್ಯ, ಸರ್ಕಾರದಲ್ಲಿ ದೊಡ್ಡ ಹುದ್ದೆ ಮಾಡಿ ರಿಟೈರ್ ಆದವರು. ಬೀಗರಿಗೆ ಆಟ ತೋರಿಸುತ್ತೇನೆ ಎಂದು ಗಂಗಾಧರಯ್ಯ ಒಂದು ಭಾನುವಾರ ಅವರನ್ನು ಮೈದಾನಕ್ಕೆ ಕರೆತಂದರು. ಅಲ್ಲಿ ನಡೆದದ್ದನ್ನು ಇವರು ನನಗೆ ಹೇಳಿದರು. ಚಲುವರಾಜುವೂ ಹೇಳಿದ. ಇಬ್ಬರ ಮಾತೂ ಒಂದೇ.

ಚಳಿ ಬೆಳಿಗ್ಗೆ. ಸೂರ್ಯ ಆಗತಾನೆ ಮಿಲ್ಲಿನ ಚಿಮಣಿಯಿಂದ ಮೇಲೆ ಬಂದಿದ್ದ. ನೆರಳುಗಳು ಉದ್ದ. ಗಂಗಾಧರಯ್ಯ ಗ್ರೀನಿನ ಮೇಲೆ ಚೆಂಡು ತಳ್ಳಲು ಬಗ್ಗಿದರು. ನರಸಿಂಹಯ್ಯ ಗುಂಡಿಯ ಆಚೆ, ಶಾಲು ಹೊದ್ದು, ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು. ಅವರ ನೆರಳು ಗುಂಡಿ ದಾಟಿ ಚೆಂಡಿನವರೆಗೆ ಬಿದ್ದಿತ್ತು. ಗಂಗಾಧರಯ್ಯ ಕೋಲು ತಡೆದು ನಿಂತರು. ಬೀಗರಿಗೆ ಸರಿಯಿರಿ ಎಂದು ಹೇಗೆ ಹೇಳುವುದು? ಮಗಳ ಮದುವೆ ಇನ್ನೂ ಆಗಬೇಕು. ತಲೆ ತಿರುಗಿಸಿ ಇವರ ಕಡೆ ನೋಡಿ ಗದ್ದ ಎತ್ತಿದರು.

ಇವರು ಹತ್ತಿರ ಹೋಗಿ ಮೆಲ್ಲಗೆ ಹೇಳಿದರು. "ಸಾರ್, ನಿಮ್ಮ ನೆರಳು ಬೀಳ್ತಾ ಇದೆ. ಸ್ವಲ್ಪ ಸರ್ಕೊಳ್ಳಿ."

"ಏನಂದೆ?"

"ನೆರಳು ಸಾರ್. ದಾರಿ ಮೇಲೆ ಬೀಳಬಾರದು."

"ನನ್ನ ನೆರಳು? ನನ್ನ ನೆರಳು ಬೀಳಬಾರದು ಅಂತ ನೀನು ಹೇಳ್ತಿದೀಯ?"

"ಯಾರದೂ ಬೀಳಬಾರದು ಸಾರ್. ರೂಲ್ಸು."

ಆಗ ಚಲುವರಾಜು ಹಿಂದಿನಿಂದ ನಕ್ಕುಬಿಟ್ಟ. ಬೇಕೆಂದು ನಗಲಿಲ್ಲ. ದಿನಾ ಬೀಡಿಯ ಹೊತ್ತಿನಲ್ಲಿ ನಕ್ಕು ನಕ್ಕು ಬಾಯಿಗೆ ಅಭ್ಯಾಸ. ಆ ಮಾತು ಕೇಳಿದರೆ ನಗು ತಾನೇ ಬರುತ್ತಿತ್ತು. ಇನ್ನಿಬ್ಬರು ಕ್ಯಾಡಿಗಳು ಮುಖ ತಿರುಗಿಸಿ ಹೆಗಲು ಕುಣಿಸಿದರು.

ನರಸಿಂಹಯ್ಯನವರ ಮುಖ ಕೆಂಪಾಯಿತಂತೆ. "ಯಾವ ಊರು ನಿಂದು?" ಎಂದರು.

"ಮಾಗಡಿ ಕಡೆ ಸಾರ್."

"ಗೊತ್ತಾಯ್ತು ಬಿಡು." ಗಂಗಾಧರಯ್ಯನವರ ಕಡೆ ತಿರುಗಿದರು. "ಏನ್ರೀ ಬೀಗರೇ, ಇದನ್ನ ತೋರಿಸೋದಕ್ಕೆ ಕರೆಸಿದ್ರಾ? ಯಾವ ಕಾಲದಲ್ಲೋ ನಮ್ಮಜ್ಜಂದಿರು ಮಾಡಿದ್ದಕ್ಕೆ ನಿಮ್ಮ ಆಳುಗಳು ನನ್ನನ್ನ ನಿಲ್ಲಿಸಿಕೊಂಡು ಅಣಕಿಸಬೇಕಾ?"

ಅವರು ಹಾಗೆ ತಿಳಿದದ್ದು ಯಾಕೆ ಎಂದು ನನಗೆ ಅರ್ಥವಾಗುತ್ತದೆ. ಅವರ ಅಜ್ಜನ ಜಗುಲಿಯೂ ಅವರಿಗೆ ನೆನಪಿತ್ತು. ನೆನಪಿಲ್ಲದವರಿಗೆ ಸಿಟ್ಟು ಬರುತ್ತಿರಲಿಲ್ಲ.

ಗಂಗಾಧರಯ್ಯ ಹೇಳಬೇಕಾಗಿದ್ದದ್ದು ಒಂದೇ ಮಾತು. ನಾನೇ ಹೇಳಿಸಿದೆ, ಇದು ಆಟದ ನಿಯಮ. ಕೋರ್ಟಿನಲ್ಲಿ ಬೇರೆಯವರ ಪರವಾಗಿ ದಿನಾ ಮಾತಾಡುವ ಮನುಷ್ಯ. ಅವರು ಚೆಂಡನ್ನು ನೋಡುತ್ತಾ ನಿಂತರು.

"ಛೆ ಛೆ, ಎಲ್ಲಾದ್ರೂ ಉಂಟೆ," ಎಂದರು ಕೊನೆಗೆ. ಇವರ ಕಡೆ ನೋಡದೆ, "ಮುನಿ, ಚೀಲ ಅಲ್ಲಿಡು. ನೀನು ಹೊರಡು," ಎಂದರು.

ಇವರು ಚೀಲ ಇಟ್ಟು ಬಂದರು. ಆಮೇಲೆ ಏನಾಯಿತು ಎಂದು ಚಲುವರಾಜು ಹೇಳಿದ. "ಅಯ್ಯ ಆ ನೆರಳಿನ ಮೇಲೇ ಹೊಡೆದರು ಅತ್ತಿಗೆ. ಬೀಗರು ಅಲ್ಲಾಡಲಿಲ್ಲ. ಚೆಂಡು ಗುಂಡಿ ಪಕ್ಕದಲ್ಲಿ ಹೋಯ್ತು. ಬೀಗರು ಭೇಷ್ ಅಂದರು."

ಮಾರನೆಯ ವಾರ ಅಂಜನಪ್ಪ ಮನೆಗೆ ಬಂದ. ಮೈದಾನದ ಕಮಿಟಿಯವರ ಮಾತು ತಂದಿದ್ದ. ಅತಿಥಿಗೆ ಅವಮಾನ ಮಾಡಿದ್ದಾನೆ, ಬಂದು ಎಲ್ಲರೆದುರು ತಪ್ಪಾಯಿತು ಎನ್ನಲಿ, ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ.

"ಅಂದುಬಿಡು ಮುನಿ," ಎಂದ ಅಂಜನಪ್ಪ. "ಬಾಯಿ ಮಾತು ತಾನೆ. ಗಾಳಿಗೆ ಹೋಗುತ್ತೆ."

"ಯಾವುದು ತಪ್ಪು ಅನ್ನಲಿ ಅಣ್ಣ?"

"ಅದೇ. ನೆರಳಿನ ಮಾತು."

"ಅದನ್ನ ನೀನೇ ಅಲ್ವಾ ನಂಗೆ ಹೇಳಿಕೊಟ್ಟಿದ್ದು?"

ಅಂಜನಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಅಯ್ಯ ಬಂದು ಒಂದು ಮಾತು ಹೇಳಲಿ," ಎಂದರು ಇವರು. "ನಾನೇ ಗದ್ದ ಎತ್ತಿದ್ದು ಅಂತ. ನೀವೆಲ್ಲ ಕೇಳ್ಬೇಕು, ಆ ಬೀಗರೂ ಕೇಳ್ಬೇಕು. ಆಮೇಲೆ ಕಾಲಿಗೆ ಬೇಕಾದರೂ ಬೀಳ್ತೀನಿ. ಚೀಲ ಬಿಟ್ಟು ಕಸ ಗುಡಿಸು ಅಂದರೂ ಗುಡಿಸ್ತೀನಿ."

ಇವರಿಗೆ ಬೇಕಾಗಿದ್ದದ್ದು ಅಷ್ಟೇ. ಮುಂದಿನ ವರ್ಷಗಳೆಲ್ಲ ಆ ಒಂದು ಮಾತಿಗೆ ಕಾದರು. ನಾನು ಈ ಕಥೆಯಲ್ಲಿ ಬೇರೇನೂ ಹೇಳುತ್ತಿಲ್ಲ.

ನಾನೇ ಮಲ್ಲೇಶ್ವರಕ್ಕೆ ಹೋದೆ. ಗಂಗಾಧರಯ್ಯನವರ ಹೆಂಡತಿ ತುಳಸಮ್ಮ ಹಿಂದಿನ ಬಾಗಿಲಿಗೆ ಬಂದರು. ಒಳಗೆ ಹಪ್ಪಳ ಸಂಡಿಗೆಯ ಗದ್ದಲ. ಮದುವೆ ಮನೆ.

"ಏನಮ್ಮಾ, ಯಾರು ನೀನು?"

ಹೇಳಿದೆ.

"ಓ, ಮುನಿ ಹೆಂಡತೀನಾ? ಪಾಪ. ನಮ್ಮ ಮನೆಯವರು ಅವತ್ತಿಂದ ಸರಿಯಾಗಿ ಊಟಾನೇ ಮಾಡಿಲ್ಲ ಕಣಮ್ಮಾ. ಅವರಿಗೂ ಬೇಜಾರೇ."

"ಹಾಗಾದ್ರೆ ಒಂದು ಮಾತು ಹೇಳಲಿ ಅಮ್ಮಾ. ಸನ್ನೆ ಮಾಡಿದ್ದು ಅವರೇ."

"ಸನ್ನೆಯೋ ಗಿನ್ನೆಯೋ ನಂಗೊತ್ತಿಲ್ಲ. ಬೀಗರ ಹತ್ರ ಈಗ ಹೋಗಿ ನಿಮ್ಮ ನೆರಳು ಬೀಳಬಾರದು ಅಂತ ನಾನೇ ಹೇಳಿಸಿದೆ ಅಂದ್ರೆ ನಮ್ಮ ಹುಡುಗಿ ಗತಿ ಏನು? ನೀನೂ ಹೆಂಗಸು, ನಿಂಗೇ ಅರ್ಥ ಆಗಲ್ವಾ? ಮದುವೆ ಒಂದು ಮುಗೀಲಿ ತಾಯಿ. ಮುಗಿದ ಮೇಲೆ ಅವರೇ ಹೇಳ್ತಾರೆ."

ಅರ್ಥವಾಯಿತು. ಹೆಣ್ಣುಮಗಳ ವಿಷಯ. ಬಂದು ಇವರಿಗೆ ಹೇಳಿದೆ. "ಮದುವೆ ಮುಗೀಲಿ ಅಂದರು."

"ಸರಿ, ಮುಗೀಲಿ," ಎಂದರು. ಆ ದಿನ ಸ್ವಲ್ಪ ಉಂಡರು.

ಮಾಘದಲ್ಲಿ ಬಸವನಗುಡಿಯ ಛತ್ರದಲ್ಲಿ ಮದುವೆಯಾಯಿತು. ಕ್ಯಾಡಿಗಳಿಗೆಲ್ಲ ಲಾಡು, ಚಿರೋಟಿ ಕಳಿಸಿಕೊಟ್ಟರು. ಚಲುವರಾಜು ನಮ್ಮ ಪಾಲೂ ತಂದ. ಇವರು ಪೊಟ್ಟಣ ಬಿಚ್ಚಿ ನೋಡಿ, "ಬರೀ ಸಿಹೀನಾ? ಮಾತೇನೂ ಬಂದಿಲ್ವಾ?" ಎಂದರು. ಚಲುವರಾಜು ತಲೆ ತಗ್ಗಿಸಿದ. ಲಾಡು ಪಾರ್ವತಮ್ಮನ ಮನೆಗೆ ಹೋಯಿತು.

ಮದುವೆಯ ನಂತರ ಹುಡುಗಿ ಬಸಿರಾದಳು. ಬಸಿರಿ ಮನೆಯಲ್ಲಿ ಜಗಳ ತೆಗೆಯಬಾರದಂತೆ. ಆಮೇಲೆ ಬಾಣಂತನ. ಆಮೇಲೆ ನಾಮಕರಣ. ಪ್ರತಿಯೊಂದಕ್ಕೂ ಇವರು ಸರಿ ಎಂದರು. ಭಾನುವಾರ ಬೆಳಿಗ್ಗೆ ಮಿಲ್ಲಿನ ಗೇಟಿನ ಎದುರು ಟೀ ಅಂಗಡಿಯಲ್ಲಿ ನಿಲ್ಲುತ್ತಿದ್ದರು. ಗಂಗಾಧರಯ್ಯನವರ ಕಾರು ಬರುವುದು. ಅವರು ಇವರನ್ನು ಕಂಡು ಕೈ ಎತ್ತುವರಂತೆ. ಒಮ್ಮೆ ಕಾರು ನಿಲ್ಲಿಸಿ, "ಹೇಗಿದೀಯ ಮುನಿ? ಆರೋಗ್ಯವಾ?" ಎಂದು ಕೇಳಿದರಂತೆ. ಆರೋಗ್ಯ ಎಂದರಂತೆ ಇವರು. ಕಾರು ಒಳಗೆ ಹೋಯಿತಂತೆ.

"ನೀವಾದ್ರೂ ಕೇಳಬಾರದಾಗಿತ್ತಾ?" ಎಂದು ನಾನು ಬೈದೆ.

"ಕೇಳಿ ಹೇಳಿಸಿಕೊಂಡರೆ ಅದೇನು ಬಂತು," ಎಂದರು.

ಹೊಟ್ಟೆಪಾಡಿಗೆ ಗಾಂಧಿನಗರದಲ್ಲಿ ಸಿನಿಮಾ ಹಂಚುವವರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಫಿಲ್ಮ್ ಸುರುಳಿಯ ತಗಡಿನ ಡಬ್ಬಗಳನ್ನು ಬಸ್ಸಿಗೆ, ಟಾಕೀಸಿಗೆ ಹೊರುವುದು. ಹೊರುವುದು ಇವರಿಗೆ ಹೊಸದಲ್ಲ. ಆದರೆ ಅಲ್ಲಿ ಎಲ್ಲರೂ ಒಟ್ಟಿಗೆ ಕೂಗುವರು, ತಳ್ಳುವರು. ಇವರು ಬಾಗಿಲಲ್ಲಿ ನಿಂತು ಒಳಗಿನವರ ಮಾತು ಮುಗಿಯಲಿ ಎಂದು ಕಾದರೆ, "ಏನ್ ಗುರು, ಆಣಿ ಹೊಡೆದಿದಾರಾ ನಿನ್ನ ಕಾಲಿಗೆ?" ಎನ್ನುವರಂತೆ. ಸ್ವಲ್ಪ ದಿನಕ್ಕೆ ಇವರೂ ತಳ್ಳುವುದು ಕಲಿತರು.

ಮನೆಯಲ್ಲೂ ಬದಲಾದರು. ಕುಡಿಯಲಿಲ್ಲ, ಹೊಡೆಯಲಿಲ್ಲ, ಅದನ್ನು ಹೇಳಬೇಕು. ತಟ್ಟೆ ಎಳೆದುಕೊಂಡು ಉಂಡು ಏಳುವರು. ಯಾರು ದೂರ ಹೋಗಿದ್ದು ಎಂದು ಕೇಳುವುದು ನಿಂತಿತು. ಒಂದು ದಿನ ನಾನೇ, "ಇವತ್ತು ನಾನು ಚಾಮರಾಜಪೇಟೆಗೆ ಹೋಗಿದ್ದೆ," ಎಂದೆ. "ಹೂಂ," ಎಂದರು. ತುತ್ತು ಬಾಯಿಗೆ ಹೋಯಿತು.

ಒಂದು ಬೆಳಿಗ್ಗೆ ಬಾಗಿಲಿಂದ ನೀರು ಎರಚಿದರು. ಕೂಗಲಿಲ್ಲ. ಪಾರ್ವತಮ್ಮ ರಂಗೋಲಿ ಹಾಕುತ್ತಿದ್ದವಳು ತಲೆಯಿಂದ ಪಾದದವರೆಗೆ ನೆಂದಳು. ಅವಳ ಬಾಯಿ ದೊಡ್ಡದು, ವಠಾರ ಒಂದು ಮಾಡುತ್ತಾಳೆ ಎಂದುಕೊಂಡೆ. ಅವಳು ಸೆರಗು ಹಿಂಡಿಕೊಳ್ಳುತ್ತಾ ಇವರ ಮುಖ ನೋಡಿದಳು.

"ಯಾಕಪ್ಪ," ಎಂದಳು ಮೆಲ್ಲಗೆ. "ಇವತ್ತು ಪೋರನ್ನ ಕರೀಲಿಲ್ಲ?"

ಇವರು ತಂಬಿಗೆ ಹಿಡಿದು ನಿಂತೇ ಇದ್ದರು. ನಾನು ಒಳಗೆ ಹೋದೆ.

ಎಂಬತ್ತೈದರಲ್ಲಿ ಎದೆಗೆ ಕೆಮ್ಮು ಹಿಡಿಯಿತು. ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ತಡವಾಯಿತು ಎಂದರು. ಎಲ್ಲರಿಗೂ ಹಾಗೇ ಹೇಳುತ್ತಾರೆ, ಆದರೆ ನಮಗೆ ನಿಜವಾಗಿ ತಡವಾಗಿತ್ತು. ಅಂಜನಪ್ಪ ಬಂದು ನೋಡಿದ. ಚಲುವರಾಜು ಬಂದು ಮಂಚದ ಹತ್ತಿರ ಕೂತು ಅತ್ತ. "ನಾನು ನಗಬಾರದಾಗಿತ್ತು ಮುನಿಯಣ್ಣ," ಎಂದ. ಇವರು ಅವನ ಕೈ ತಟ್ಟಿ, "ನಗದೆ ಇರೋಕಾಗತ್ತೇನೋ, ಅಂಥ ಮಾತದು," ಎಂದರು. ನಾನು ಮಲ್ಲೇಶ್ವರಕ್ಕೆ ಹೇಳಿಕಳಿಸಿದೆ. ಅಯ್ಯನವರು ಬರುತ್ತಾರೆ ಎಂದು ಉತ್ತರ ಬಂತು. ಅದನ್ನು ಇವರಿಗೆ ಹೇಳಿದೆ. ಹೇಳಬಾರದಾಗಿತ್ತೋ ಏನೋ. ಅಂದಿನಿಂದ ಬಾಗಿಲ ಕಡೆಗೇ ತಲೆ ಇಟ್ಟು ಮಲಗಿದರು.

ಕೊನೆಯ ದಿನ ಬಾಯಿ ನಿಂತುಹೋಗಿತ್ತು. ಮಧ್ಯಾಹ್ನ ನಾನು ಮಂಚದ ಪಕ್ಕ ನಿಂತಿದ್ದೆ. ಇವರು ನನ್ನ ಕಡೆ ನೋಡಿ ಗದ್ದ ಎತ್ತಿದರು. ಸ್ವಲ್ಪವೇ. ನಾನು ಬಾಗಿಲಿಗೆ ಅಡ್ಡ ಇದ್ದೆ. ಸರಿದೆ. ಬಾಗಿಲು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಒಬ್ಬ ಆಯಾ ಬಕೆಟ್ಟು ಹಿಡಿದು ಹೋದಳು.

ಮಾರನೆಯ ಬೆಳಿಗ್ಗೆ ಇವರನ್ನು ವಠಾರದ ಮುಂದೆ ಚಾಪೆಯ ಮೇಲೆ ಮಲಗಿಸಿದ್ದೆವು. ಎದುರು ಗೋಡೆಗೆ ಒರಗಿ ಕ್ಯಾಡಿಗಳೆಲ್ಲ ಕೂತಿದ್ದರು. ಅಂಜನಪ್ಪ, ಚಲುವರಾಜು, ಆ ದಿನ ಗ್ರೀನಿನ ಹತ್ತಿರ ಇದ್ದ ಇನ್ನಿಬ್ಬರೂ. ಆಗ ಬೀದಿಯ ತುದಿಯಲ್ಲಿ ಕಾರು ನಿಂತಿತು. ಗಂಗಾಧರಯ್ಯ ಇಳಿದು ಹೂವಿನ ಹಾರ ಹಿಡಿದು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಚಪ್ಪಲಿ ದೂರದಲ್ಲೇ ಬಿಟ್ಟರು. ಹಾರ ಹಾಕಿ ಕೈ ಮುಗಿದು ಹಾಗೇ ನಿಂತರು. ಬೆಳಗಿನ ಬಿಸಿಲು ಅವರ ಬೆನ್ನಿಗಿತ್ತು. ಅವರ ನೆರಳು ಇವರ ಎದೆಯ ಮೇಲೆ, ಮುಖದ ಮೇಲೆ ಬಿದ್ದಿತ್ತು.

"ನಿಮ್ಮ ನೆರಳು ಬೀಳ್ತಾ ಇದೆ," ಎಂದೆ.

ಅವರು ಬೆಚ್ಚಿ ಕೆಳಗೆ ನೋಡಿದರು. ತಕ್ಷಣ ಹಿಂದೆ ಸರಿದರು. ಆ ಮೈದಾನದಲ್ಲಿ ಆಡಿದವರು, ಕಾಲಿಗೆ ಅಭ್ಯಾಸವಿತ್ತು. ಇವರ ಮುಖಕ್ಕೆ ಬಿಸಿಲು ಬಂತು.

ಆಮೇಲೆ ಅವರು ನನ್ನ ಹತ್ತಿರ ಬಂದು ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಅವತ್ತು ಸನ್ನೆ ಮಾಡಿದ್ದು ನಾನೇ ಕಣಮ್ಮಾ. ಅವನದೇನೂ ತಪ್ಪಿರಲಿಲ್ಲ."

ಆ ಮಾತು ಬಂತು. ಎಷ್ಟು ಭಾನುವಾರ ಟೀ ಅಂಗಡಿಯ ಮುಂದೆ ನಿಂತು ಕಾದ ಮಾತು. ನನ್ನ ಒಬ್ಬಳ ಕಿವಿಗೆ ಬಂತು. ನನಗೆ ಅದು ಮೊದಲೇ ಗೊತ್ತಿತ್ತು.

"ಜೋರಾಗಿ ಹೇಳಿ ಸ್ವಾಮಿ," ಎಂದೆ. "ಅವರೆಲ್ಲ ಅಲ್ಲೇ ಕೂತಿದಾರೆ. ಅವರಿಗೆ ಕೇಳೋ ಹಾಗೆ ಹೇಳಿ."

ಅವರು ಗೋಡೆಯ ಕಡೆ ನೋಡಿದರು. ಕ್ಯಾಡಿಗಳು ಎದ್ದು ನಿಂತರು, ಅಯ್ಯ ನೋಡಿದರಲ್ಲ ಎಂದು. ಹತ್ತು ಹೆಜ್ಜೆ ದೂರ ಇದ್ದಿರಬೇಕು. ಚಲುವರಾಜು ಕಣ್ಣು ಒರೆಸಿಕೊಂಡು ಕಾದ. ಅಯ್ಯನವರ ತುಟಿ ಅಲ್ಲಾಡಿತು. ಆಮೇಲೆ ಅವರು ನೆಲ ನೋಡಿದರು. ಚೆಂಡು ನೋಡುತ್ತಿದ್ದರು ಎಂದು ಚಲುವರಾಜು ಹೇಳಿದ್ದನಲ್ಲ, ಹಾಗೆ.

"ಏನಾದ್ರೂ ಬೇಕಾದ್ರೆ ಮನೆ ಹತ್ರ ಬಾಮ್ಮಾ," ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಹಳಿಯ ಆಚೆಯ ಮಸಣದಲ್ಲಿ ಮಣ್ಣು ಮಾಡಿದೆವು. ಮರಳುಮಣ್ಣು ಅಲ್ಲಿ. ಗಂಡಸರು ಮುಚ್ಚಿ, ಸುತ್ತ ಬಂದು, ಹೊರಟರು. ಅಂಜನಪ್ಪ ಕೊನೆಗೆ ಉಳಿದ. ಒಂದು ಹೊಂಗೆ ಕೊಂಬೆ ಮುರಿದುಕೊಂಡು ಹಿಂದೆ ಹಿಂದೆ ನಡೆಯುತ್ತಾ ಎಲ್ಲರ ಹೆಜ್ಜೆಗಳನ್ನೂ ಎಳೆದು ಅಳಿಸತೊಡಗಿದ. ಮರಳಿನಲ್ಲಿ ಇಳಿದು ಬಂದರೆ ಹಾಗೆ ಮಾಡಬೇಕು. ಅವನಿಗೆ ಅದು ಗೊತ್ತೇ ಆಗಲಿಲ್ಲ ಎಂದು ಕಾಣುತ್ತದೆ.

"ಬಿಡು ಅಂಜನಪ್ಪಣ್ಣ," ಎಂದೆ. "ಹೆಜ್ಜೆ ಇರಲಿ. ಜನ ಬಂದಿದ್ದರು ಅಂತ ಗೊತ್ತಾಗಲಿ."

ಅವನು ಕೊಂಬೆ ಕೈಯಲ್ಲಿ ಹಿಡಿದು ನಿಂತ. ಆ ಹೊತ್ತಿಗೆ ಬಹಳಷ್ಟು ಅಳಿಸಿ ಆಗಿತ್ತು.

ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋದೆ. ಉಳಿದಿದ್ದ ಹೆಜ್ಜೆಗಳನ್ನು ಗಾಳಿ ಅಳಿಸಿತ್ತು. ಮಣ್ಣು ನುಣ್ಣಗಿತ್ತು. ಯಾರೂ ಬಂದ ಗುರುತಿರಲಿಲ್ಲ.